ದನ ಕಳವು ತಡೆಯಲು ಯಾವುದು ಮೇಲು? ಜಿಪಿಎಸ್, ಕ್ಯಾಮೆರಾ, ನಾಯಿ, ಸರಪಳಿ: ನಾವು ಮಾಡಿ ನೋಡಿದ್ದು

ನಾಲ್ಕೈದು ದನ ಸಾಕುವ ಮನೆಯಲ್ಲಿ ಹಾಲು ಕೊಡುವ ಒಂದು ಹಸು ಕಳವಾದರೆ ಆ ವರ್ಷದ ಲೆಕ್ಕವೇ ತಲೆಕೆಳಗು. ಡೇರಿಗೆ ಹಾಕುವ ಹಾಲು ನಿಲ್ಲುತ್ತದೆ, ಸಾಲದ ಕಂತು ನಿಲ್ಲುವುದಿಲ್ಲ. ದೊಡ್ಡ ತೋಟದವರಿಗೆ ರಾತ್ರಿ ಕಾವಲಿಗೆ ಆಳು ಇರುತ್ತಾರೆ. ನಮ್ಮಂಥವರಿಗೆ ನಾವೇ ಕಾವಲು. ನಾವಿರುವುದು ದಕ್ಷಿಣ ಕೊಡಗಿನಲ್ಲಿ, ಗೋಣಿಕೊಪ್ಪದ ಆಚೆ. ಪಕ್ಕದ ಮನೆಯ ಗಬ್ಬದ ಹಸು ಒಂದು ರಾತ್ರಿ ಹೋದ ಮೇಲೆ ಸುತ್ತಲಿನ ಮನೆಯವರೆಲ್ಲ ಒಂದೊಂದು ಉಪಾಯ ಮಾಡಿದೆವು. ಮಳೆಗಾಲವನ್ನೂ ಬೇಸಿಗೆಯನ್ನೂ ಕಂಡ ಮೇಲೆ ಯಾವುದು ಕೆಲಸಕ್ಕೆ ಬಂತು ಅಂತ ಬರೆಯುತ್ತಿದ್ದೇನೆ.

ಮೊದಲು ಎಲ್ಲರ ಕಣ್ಣಿಗೂ ಬೀಳುವುದು ಜಿಪಿಎಸ್ ಪಟ್ಟಿ. ಕೊರಳಿಗೆ ಕಟ್ಟಿದರೆ ದನ ಎಲ್ಲಿದೆ ಅಂತ ಫೋನಿನಲ್ಲೇ ಕಾಣುತ್ತದೆ. ಕೊಯ್ಲು ಮುಗಿದು ದನಗಳನ್ನು ಗದ್ದೆಗೆ ಬಿಡುವ ಕಾಲದಲ್ಲಿ ಇದು ನಿಜಕ್ಕೂ ಚೆನ್ನಾಗಿತ್ತು. ಫೋನಿನ ನಕ್ಷೆಯಲ್ಲಿ ಗಡಿ ಹಾಕಿಟ್ಟರೆ ದನ ಅದನ್ನು ದಾಟಿದ ಕೂಡಲೇ ಫೋನು ಕೂಗುತ್ತದೆ. ಆದರೆ ಇದರೊಳಗೂ ಒಂದು ಸಿಮ್ ಇದೆ. ಜೂನ್, ಜುಲೈನಲ್ಲಿ ಗಾಳಿಮಳೆಗೆ ಮರ ಬಿದ್ದು ಕರೆಂಟು ಹೋದರೆ ಸ್ವಲ್ಪ ಹೊತ್ತಿಗೆ ಟವರೂ ಹೋಗುತ್ತದೆ. ಕಳ್ಳರಿಗೆ ಅನುಕೂಲವಾದ ರಾತ್ರಿಯೂ ಅದೇ ಅಲ್ವಾ? ತೋಟದೊಳಗೆ ದಟ್ಟ ಮರದಡಿ ದನ ನಿಂತರೆ ಜಾಗವನ್ನೂ ಅಷ್ಟಿಷ್ಟು ತಪ್ಪಾಗಿ ತೋರಿಸುತ್ತದೆ. ಬೇಗ ಬೇಗ ಜಾಗ ಕಳಿಸುವಂತೆ ಇಟ್ಟರೆ ಬ್ಯಾಟರಿ ಬೇಗ ಮುಗಿಯುತ್ತದೆ. ಇನ್ನು ಕಳ್ಳ ಪಟ್ಟಿಯನ್ನು ನೋಡಿದರೆ ಕತ್ತರಿಸಿ ಚರಂಡಿಗೆ ಎಸೆದರೆ ಮುಗಿಯಿತು.

ಬೆಂಗಳೂರಿನಿಂದ ಬಂದ ನೆಂಟರು ಆಪಲ್ ಏರ್‌ಟ್ಯಾಗ್ ಕಟ್ಟಲು ಹೇಳಿದರು. ಅದಕ್ಕೆ ಸಿಮ್ ಬೇಡ, ಸಣ್ಣ ಬ್ಯಾಟರಿ ತಿಂಗಳುಗಟ್ಟಲೆ ಬರುತ್ತದೆ. ಆದರೆ ಅದು ತಾನಾಗಿ ಜಾಗ ಹೇಳುವುದಿಲ್ಲ, ಹತ್ತಿರ ಯಾರದಾದರೂ ಆಪಲ್ ಫೋನ್ ಹಾದುಹೋಗಬೇಕು. ನಮ್ಮ ಕಾಡಂಚಿನಲ್ಲಿ ರಾತ್ರಿ ಎರಡು ಗಂಟೆಗೆ ಯಾರು ಹಾದುಹೋಗುತ್ತಾರೆ? ಇನ್ನೊಂದು ತೊಡಕೂ ಇದೆ. ಬೇರೆಯವರ ಟ್ಯಾಗ್ ನಿಮ್ಮ ಜೊತೆ ಸಾಗುತ್ತಿದೆ ಅಂತ ಅದು ಕಳ್ಳನ ಫೋನಿಗೇ ಎಚ್ಚರಿಕೆ ಕೊಡಬಹುದು. ಜನರನ್ನು ಕದ್ದು ಹಿಂಬಾಲಿಸಬಾರದು ಅಂತ ಮಾಡಿದ ಏರ್ಪಾಡು ಅದು. ಸರಿಯಾದದ್ದೇ, ಆದರೆ ದನಕ್ಕೆ ಒಗ್ಗುವುದಿಲ್ಲ.

ಇವೆರಡರ ಪಕ್ಕದಲ್ಲಿ ಹಳೆಯ ಕೊರಳಗಂಟೆಯನ್ನು ಇಟ್ಟು ನೋಡಿ. ಚಾರ್ಜ್ ಬೇಡ, ನೆಟ್‌ವರ್ಕ್ ಬೇಡ. ಹಗಲು ಮೇಯಲು ಬಿಟ್ಟಾಗ ದನ ಯಾವ ಬಾಣೆಯಲ್ಲಿ, ಅಂದರೆ ಗದ್ದೆಗೆ ಸೇರಿದ ಮರಗಿಡದ ಜಾಗದಲ್ಲಿ, ಇದೆ ಅಂತ ಮನೆಯಂಗಳದಲ್ಲೇ ಗೊತ್ತಾಗುತ್ತದೆ. ರಾತ್ರಿಗೆ ಮಾತ್ರ ನಂಬುವಂತಿಲ್ಲ. ಗಂಟೆಯೊಳಗೆ ಒಂದು ಹಿಡಿ ಹುಲ್ಲು ತುರುಕಿದರೆ ಸದ್ದೇ ಇಲ್ಲ.

ಕ್ಯಾಮೆರಾಕ್ಕೆ ನಾವು ಜಾಸ್ತಿ ಖರ್ಚು ಮಾಡಿದೆವು. ಸೋಲಾರಿನದ್ದು, ಸಿಮ್ ಹಾಕುವಂಥದ್ದು. ಬೇಸಿಗೆಯಲ್ಲಿ ಚಿತ್ರ ಬಹಳ ಸ್ಪಷ್ಟ. ಮಳೆ ಹಿಡಿದ ಮೇಲೆ ವಾರಗಟ್ಟಲೆ ಬಿಸಿಲಿಲ್ಲ, ಬ್ಯಾಟರಿ ತುಂಬಲಿಲ್ಲ. ಮಂಜು ಬಿದ್ದ ರಾತ್ರಿ, ಕತ್ತಲಲ್ಲಿ ಚಿತ್ರ ತೆಗೆಯಲು ಅದು ಬಿಡುವ, ನಮ್ಮ ಕಣ್ಣಿಗೆ ಕಾಣದ ಬೆಳಕು ಮಂಜಿಗೇ ಬಡಿದು ವಾಪಸ್ ಬಂದು ಪರದೆಯೆಲ್ಲ ಬರೀ ಬಿಳಿ. ಕ್ಯಾಮೆರಾದ ಹತ್ತಿರ ಹುಳು ಬರುತ್ತದೆ, ಹುಳುವಿಗಾಗಿ ಜೇಡ ಬರುತ್ತದೆ. ಲೆನ್ಸಿನ ಮುಂದೆಯೇ ಬಲೆ ನೇಯ್ದು, ಒಂದು ಎಳೆ ಗಾಳಿಗೆ ಅಲುಗಿದರೂ ಫೋನಿಗೆ ಎಚ್ಚರಿಕೆ. ಹೀಗೆ ರಾತ್ರಿಯಿಡೀ ಕೂಗುವ ಫೋನನ್ನು ಯಾರಾದರೂ ಸುಮ್ಮನಾಗಿಸಿಯೇ ಮಲಗುತ್ತಾರೆ. ಕ್ಯಾಮೆರಾ ಬೇಡ ಅಂತ ನಾನು ಹೇಳುವುದಿಲ್ಲ. ಕೊಟ್ಟಿಗೆಗೆ ಕಟ್ಟುವ ಬದಲು ಗಾಡಿ ತಿರುಗುವ ಜಾಗಕ್ಕೆ, ಹೆಡ್‌ಲೈಟ್ ನೇರ ಬೀಳದ ಹಾಗೆ ಪಕ್ಕದಿಂದ ಕಟ್ಟಿ. ವಾರಕ್ಕೊಮ್ಮೆ ಬಲೆ ಒರೆಸಿ. ಅದು ಕಳ್ಳನನ್ನು ತಡೆಯುವುದಿಲ್ಲ, ಆಮೇಲೆ ಹುಡುಕಲು ನೆರವಾಗುತ್ತದೆ. ಅದೇ ದುಡ್ಡಿನ ಸಣ್ಣ ಭಾಗದಲ್ಲಿ ಬರುವ, ಯಾರಾದರೂ ಓಡಾಡಿದರೆ ತಾನೇ ಉರಿಯುವ ಲೈಟು ನಮಗೆ ಹೆಚ್ಚು ಹಿಡಿಸಿತು. ಅದನ್ನು ಮನೆಯ ಇನ್ವರ್ಟರಿಗೆ ಸೇರಿಸಿ, ಸೋಲಾರಿನದ್ದು ಬೇಡ.

ನಾಯಿಯ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಊರನಾಯಿ ಎರಡಿದ್ದರೆ ಒಳ್ಳೆಯದು. ಒಂದನ್ನು ಕೊಟ್ಟಿಗೆಯ ಒಳಗೇ ಕಟ್ಟಿ. ಹೊರಗಿರುವ ನಾಯಿಗೆ ಕಳ್ಳ ತಿಂಡಿ ಹಾಕಬಹುದು, ಚಿರತೆಯ ಭಯವಂತೂ ಇದ್ದೇ ಇದೆ.

ಈಗ ನನಗೆ ಎಲ್ಲಕ್ಕಿಂತ ಮೇಲು ಅನಿಸಿದ ವಿಷಯ. ದನವನ್ನು ಯಾರೂ ಹೊತ್ತುಕೊಂಡು ಹೋಗುವುದಿಲ್ಲ. ಪಿಕಪ್ ಬೇಕು, ಪಿಕಪ್ ಹತ್ತಿರ ಬರಲು ದಾರಿ ಬೇಕು, ದನ ಹತ್ತಿಸಲು ಹೊತ್ತು ಬೇಕು. ದಾರಿ ಕಟ್ಟಿದರೆ ಕಳ್ಳ ದನವನ್ನು ಕತ್ತಲಲ್ಲಿ ರಸ್ತೆಯವರೆಗೆ ನಡೆಸಬೇಕು. ಗುರುತಿಲ್ಲದವರ ಜೊತೆ ದನ ಸುಲಭಕ್ಕೆ ನಡೆಯುವುದಿಲ್ಲ, ಜಗ್ಗುತ್ತದೆ, ಕೂಗುತ್ತದೆ. ಹಾಗಂತ ಕಬ್ಬಿಣದ ಗೇಟು ಹಾಕಿದರೆ ನಮ್ಮ ಕಡೆ ಆನೆ ಉಳಿಸುವುದಿಲ್ಲ. ಅದು ಹೋಗುವ ದಾರಿಗೆ ಅಡ್ಡ ನಿಂತದ್ದನ್ನು ಮುರಿದೇ ಹೋಗುತ್ತದೆ. ಅದಕ್ಕೆ ನಾವು ಎರಡು ಗಟ್ಟಿ ಕಂಬ ಹೂತು, ಮೊಣಕಾಲಿಗಿಂತ ಕೆಳಗೆ ದಪ್ಪ ಸರಪಳಿ ಕಟ್ಟಿದೆವು. ಆನೆ ದಾಟಿಕೊಂಡು ಹೋಗುತ್ತದೆ, ಪಿಕಪ್ ದಾಟುವುದಿಲ್ಲ. ಬೀಗವನ್ನು ಕಂಬಕ್ಕೆ ಬೆಸುಗೆ ಹಾಕಿಸಿದ ಪೈಪಿನೊಳಗೆ ಸೇರುವ ಹಾಗೆ ಇಟ್ಟಿದ್ದೇವೆ. ಕಟರ್ ಬಾಯಿ ಅಲ್ಲಿಗೆ ಸುಲಭವಾಗಿ ಹೋಗುವುದಿಲ್ಲ. ಆಂಬುಲೆನ್ಸ್ ಬರಬೇಕಾದರೆ ತೊಂದರೆ ಆಗಬಾರದು ಅಂತ ದಾರಿಯಲ್ಲಿರುವ ಪ್ರತಿ ಮನೆಗೂ ಒಂದೊಂದು ಕೀ. ಬೈಕಿನವರಿಗೆ ರಾತ್ರಿ ಕಾಣಲಿ ಅಂತ ಸರಪಳಿಗೆ ಮಿಂಚುವ ಸ್ಟಿಕ್ಕರ್ ಅಂಟಿಸಿದ್ದೇವೆ, ಇದನ್ನು ದಯವಿಟ್ಟು ಬಿಡಬೇಡಿ. ಎಲ್ಲ ಸೇರಿ ಒಂದು ಜಿಪಿಎಸ್ ಪಟ್ಟಿಯಷ್ಟೂ ಖರ್ಚಾಗಲಿಲ್ಲ, ನಾಲ್ಕು ಮನೆಯವರು ಹಂಚಿಕೊಂಡೆವು.

ಸರಪಳಿಯ ಜೊತೆಗೆ ಫೋನು. ವಾಟ್ಸಾಪ್ ಗುಂಪಿಗಿಂತ ಕರೆ ಮೇಲು. ಗುಂಪಿನಲ್ಲಿ ಶುಭೋದಯದ ಚಿತ್ರಗಳ ನಡುವೆ ರಾತ್ರಿಯ ಎಚ್ಚರಿಕೆ ಬೆಳಿಗ್ಗೆ ಕಾಣುತ್ತದೆ. ನಾವು ಮಾಡಿಕೊಂಡ ಕ್ರಮ ಇಷ್ಟೇ. ನಾನು ಮೇಲಿನ ಮನೆಗೆ ಫೋನ್ ಮಾಡಬೇಕು, ಅವರು ಆಚೆಯವರಿಗೆ. ಎದ್ದವರೆಲ್ಲ ಅಂಗಳದ ಲೈಟ್ ಹಾಕಬೇಕು. ನೆಟ್‌ವರ್ಕ್ ಇಲ್ಲದಿದ್ದರೆ ಆನೆ ಓಡಿಸಲು ಇಟ್ಟ ಪಟಾಕಿ. ಅನುಮಾನದ ಗಾಡಿ ಕಂಡರೆ ನಂಬರ್ ಬರೆದುಕೊಂಡು 112ಕ್ಕೆ ಕರೆ. ಕುಟ್ಟ, ಮಾಕುಟ್ಟ, ಕರಿಕೆ, ಕುಶಾಲನಗರ, ಜಿಲ್ಲೆಯಿಂದ ಹೊರಗೆ ಹೋಗುವ ರಸ್ತೆಗಳು ಬೆರಳೆಣಿಕೆಯಷ್ಟು. ಬೇಗ ಹೇಳಿದರೆ ಪೊಲೀಸರಿಗೆ ಅಲ್ಲಿ ತಡೆಯಲು ಅವಕಾಶ ಇರುತ್ತದೆ. ಗಾಡಿ ಅಡ್ಡಗಟ್ಟಿ ಹೊಡೆಯುವುದು ಮಾತ್ರ ಬೇಡವೇ ಬೇಡ. ಅದರಲ್ಲಿ ಸಂತೆಯಿಂದ ದನ ಕೊಂಡುಕೊಂಡು ಹೋಗುವ ನಮ್ಮಂಥದೇ ರೈತ ಇರಬಹುದು.

ಕಿವಿಯೋಲೆಯನ್ನೂ ಹೋಲಿಸಲೇಬೇಕು. ಕಾಲುಬಾಯಿ ಜ್ವರದ ಲಸಿಕೆ ಹಾಕುವಾಗ ಪಶುಸಂಗೋಪನಾ ಇಲಾಖೆಯವರು ಹಾಕುವ ಹಳದಿ ಓಲೆಯಲ್ಲಿ 12 ಅಂಕಿ ಇದೆ, ಅದು ಮಾಲೀಕರ ಹೆಸರಿಗೆ ದಾಖಲಾಗುತ್ತದೆ. ಕಳ್ಳ ಅದನ್ನು ಕಿತ್ತುಹಾಕಬಹುದು. ಆದರೆ ಮೂಗಿನ ಗೆರೆಗಳನ್ನು ಕೀಳಲು ಆಗುವುದಿಲ್ಲ. ನಮ್ಮ ಬೆರಳಿನ ಗೆರೆಯ ಹಾಗೆ ಪ್ರತಿ ದನದ ಮೂಗಿನ ಗೆರೆಯೂ ಬೇರೆ. ಒದ್ದೆ ಮೂಗನ್ನು ಬಟ್ಟೆಯಲ್ಲಿ ಒರೆಸಿ, ಮತ್ತೆ ಬೆವರೊಡೆಯುವ ಮೊದಲೇ ಹತ್ತಿರದಿಂದ ಫೋಟೋ ತೆಗೆಯಬೇಕು. ಜೊತೆಗೆ ಎರಡೂ ಮಗ್ಗುಲು, ಕೊಂಬು, ಹಣೆಯ ಚುಕ್ಕೆ, ಓಲೆಯ ನಂಬರ್. ಠಾಣೆಗೆ ಹೋದಾಗ "ಕಪ್ಪು ಹಸು ಸಾರ್" ಅನ್ನುವುದಕ್ಕೂ ಇದನ್ನು ತೋರಿಸುವುದಕ್ಕೂ ಬಹಳ ವ್ಯತ್ಯಾಸ. ಖರ್ಚೇನೂ ಇಲ್ಲ, ಇವತ್ತೇ ಮಾಡಬಹುದು.

ನಮ್ಮ ಕಡೆ ದನ ಬರದಿದ್ದರೆ ಮೊದಲ ಮಾತು ಹುಲಿ. ಅರ್ಧ ದಿನ ತೋಟ, ಕಾಡಂಚು ಹುಡುಕುವುದರಲ್ಲೇ ಹೋಗುತ್ತದೆ. ಹುಡುಕುವ ಮೊದಲು ಕಟ್ಟಿದ ಹಗ್ಗದ ತುದಿ ನೋಡಿ. ಜಗ್ಗಿ ಹರಿದದ್ದಾದರೆ ನಾರು ಒಂದು ಉದ್ದ, ಒಂದು ಗಿಡ್ಡವಾಗಿ ಬಿಚ್ಚಿಕೊಂಡಿರುತ್ತದೆ. ಕತ್ತಿ ಹಾಕಿದ್ದಾದರೆ ತುದಿ ಸಮ. ಹುಲಿ ಹಿಡಿದರೆ ರಕ್ತ, ಎಳೆದ ಗುರುತು ಇರುತ್ತದೆ. ಆಗ ಏನನ್ನೂ ಮುಟ್ಟದೆ ಅರಣ್ಯ ಇಲಾಖೆಗೆ ಹೇಳಿ, ಮಹಜರು ಆದರೆ ಪರಿಹಾರಕ್ಕೆ ದಾರಿ. ಕಳವಾದರೆ ಎಫ್‌ಐಆರ್. ವಿಮೆ ಮಾಡಿಸಿದವರು ಪಾಲಿಸಿಯನ್ನು ಓದಿ ನೋಡಿ, ಜಾನುವಾರು ವಿಮೆಯಲ್ಲಿ ಸಾಮಾನ್ಯವಾಗಿ ಕಳವನ್ನು ಹೊರಗಿಟ್ಟಿರುತ್ತಾರೆ.

ಆಡು, ಹಂದಿ ಸಾಕುವವರಿಗೆ ನನ್ನ ಸರಪಳಿ ಸಾಲದು. ಆಡನ್ನು ಬೈಕಿನಲ್ಲೂ ಒಯ್ಯುತ್ತಾರೆ, ಹಂದಿಮರಿಯನ್ನು ಗೋಣಿಚೀಲದಲ್ಲಿ. ಅವರಿಗೆ ಒಳಗಿನಿಂದ ಬೋಲ್ಟ್ ಹಾಕುವ ಬಾಗಿಲು, ಮನೆಗೆ ತಾಗಿದ ಗೂಡು ಮತ್ತು ಓಡಾಡಿದರೆ ತಾನೇ ಉರಿಯುವ ಆ ಲೈಟು ಮೊದಲು ಬೇಕು, ಉಳಿದದ್ದೆಲ್ಲ ಆಮೇಲೆ.