ಟಿಲ್ಲಮೂಕ್‌ಗೆ ಹೋದರೆ ಚೀಸ್ ಕಾರ್ಖಾನೆಗಿಂತ ಮೊದಲು ಮ್ಯೂಸಿಯಂ ನೋಡಿ

ಅಮೆರಿಕದ ಆರೆಗಾನ್ ರಾಜ್ಯದ ಹಿಲ್ಸ್‌ಬರೊ, ಬೀವರ್ಟನ್ ಕಡೆಯ ಕನ್ನಡದ ಮನೆಗಳಿಗೆ ಊರಿಂದ ಅಪ್ಪ-ಅಮ್ಮ ಬಂದರೆ ಒಂದು ಶನಿವಾರ ಚೀಸಿಗೆ ಹೆಸರಾದ ಕರಾವಳಿ ಪಟ್ಟಣ ಟಿಲ್ಲಮೂಕ್‌ಗೆ ಮೀಸಲು. ಹೈವೇ 6 ಹಿಡಿದು ಕಾಡಿನ ನಡುವೆ ಸಾಗಿ, ಕಾರ್ಖಾನೆ ನೋಡಿ, ಐಸ್‌ಕ್ರೀಂ ತಿಂದು ವಾಪಸ್. ಈ ಓಟದಲ್ಲಿ ಪೇಟೆಯೊಳಗಿನ ಟಿಲ್ಲಮೂಕ್ ಕೌಂಟಿ (ಜಿಲ್ಲೆ) ಪಯೊನೀರ್ ಮ್ಯೂಸಿಯಂ ತಪ್ಪಿಹೋಗುತ್ತದೆ. ಮೊದಲು ಅಲ್ಲಿಗೆ ಹೋಗಿ. ಟಿಲ್ಲಮೂಕ್ ಚೀಸ್ ಪೊಟ್ಟಣದ ಮೇಲೆ ಹಡಗಿನ ಚಿತ್ರ ಯಾಕಿದೆ ಅನ್ನುವುದು ತಿಳಿದಮೇಲೆ ಕಾರ್ಖಾನೆ ನೋಡುವ ಕಣ್ಣೇ ಬದಲಾಗುತ್ತದೆ.

ಮ್ಯೂಸಿಯಂ ಇರುವುದು 1905ರ ಹಳೇ ಕೋರ್ಟ್ ಕಟ್ಟಡದಲ್ಲಿ, 1935ರಿಂದ ನಡೆಯುತ್ತಿದೆ. ಟಿಕೆಟ್ ದುಬಾರಿಯಲ್ಲ, ಒಂದೂವರೆ ಗಂಟೆ ಸಾಕು. ವಾರದ ರಜೆ ಯಾವತ್ತು ಎಂದು ವಿಚಾರಿಸಿಕೊಂಡೇ ಹೊರಡಿ. ಒಳಗೆ ಮೊದಲು ಹುಡುಕಬೇಕಾದ್ದು ಜೋ ಚಾಂಪಿಯನ್ ವಾಸವಿದ್ದ ಮರದ ಮಾದರಿ. 1851ರಲ್ಲಿ ಇಲ್ಲಿ ನೆಲೆನಿಂತ ಮೊದಲ ಬಿಳಿಯ ಈತ. ಮನೆ ಕಟ್ಟುವ ಮೊದಲು ದೊಡ್ಡ ಸ್ಪ್ರೂಸ್ ಮರವೊಂದರ ಪೊಟರೆಯಲ್ಲೇ ವಾಸ ಹೂಡಿ, ಅದನ್ನು ತನ್ನ ಕೋಟೆ ಅಂತ ಕರೆದುಕೊಂಡ. ಮಾದರಿಯ ಪಕ್ಕ ನಿಂತು ಅಳತೆ ಅಂದಾಜು ಮಾಡಿ. ಈ ಕರಾವಳಿಯ ಕಾಡು ಎಂಥದ್ದಿತ್ತು ಅನ್ನುವುದು ಅಲ್ಲೇ ಗೊತ್ತಾಗುತ್ತದೆ.

ಎರಡನೆಯದು ಜೇನುಮೇಣದ ಗಟ್ಟಿಗಳು. ಕಂದು ಬಣ್ಣದ, ಕಲ್ಲಿನಂತೆ ಕಾಣುವ ಈ ತುಂಡುಗಳನ್ನು ದಾಟಿ ಹೋಗಿಬಿಡುವವರೇ ಹೆಚ್ಚು. ಹತ್ತಿರ ಬಗ್ಗಿ ನೋಡಿದರೆ ಕೆಲವದರ ಮೇಲೆ ಕೊರೆದ ವ್ಯಾಪಾರಿ ಗುರುತುಗಳಿವೆ. ಮನಿಲಾದಿಂದ ಹೊರಟು 1693ರಲ್ಲಿ ಕಾಣೆಯಾದ ಸ್ಪ್ಯಾನಿಷ್ ಹಡಗು ಸಾಂತೊ ಕ್ರಿಸ್ತೊ ದೆ ಬುರ್ಗೋಸ್‌ನ ಸರಕು ಇದು ಎಂದು ಸಂಶೋಧಕರು ನಂಬುತ್ತಾರೆ. 2022ರಲ್ಲಿ ಮಂಜನೀಟಾ ಬಳಿಯ ಕಡಲ ಗುಹೆಗಳಿಂದ ಅದರದೇ ಎನ್ನಲಾದ ಮರದ ತೊಲೆಗಳನ್ನೂ ಹೊರತೆಗೆದರು. ವಲಸೆಗಾರರು ಬರುವ ಎಷ್ಟೋ ಕಾಲದ ಮೊದಲಿಂದ ಇಲ್ಲಿನ ಮೂಲನಿವಾಸಿಗಳು ಈ ಮೇಣವನ್ನು ವಿನಿಮಯಕ್ಕೆ ಬಳಸುತ್ತಿದ್ದರು.

ಪಯೊನೀರ್, ಅಂದರೆ ಮೊದಲು ಬಂದು ನೆಲೆನಿಂತವರು, ಅನ್ನುವ ಹೆಸರನ್ನು ಇದ್ದಹಾಗೇ ಒಪ್ಪಿಕೊಂಡು ಹೊರಬರಬಾರದು. ಚಾಂಪಿಯನ್ ಬಂದಾಗ ನೆಲ ಖಾಲಿ ಇರಲಿಲ್ಲ. ಟಿಲ್ಲಮೂಕ್ ಜನರ ಮುಖ್ಯಸ್ಥ ಕಿಲ್ಚಿಸ್ ವಲಸೆಗಾರರನ್ನು ಬದುಕಗೊಟ್ಟ. ಅದೇ 1851ರಲ್ಲಿ ಸರ್ಕಾರದ ಪ್ರತಿನಿಧಿ ಈ ಕರಾವಳಿಯ ಜನರ ಜೊತೆ ಮಾಡಿಕೊಂಡ ಒಪ್ಪಂದಗಳನ್ನು ಅಮೆರಿಕದ ಸೆನೆಟ್ ಅನುಮೋದಿಸಲೇ ಇಲ್ಲ. 1853ರ ಡಿಸೆಂಬರ್ 15ಕ್ಕೆ ಕೌಂಟಿ ಮಾತ್ರ ಆಗಿಹೋಯಿತು. ಇವತ್ತು ಕಿಲ್ಚಿಸ್ ಹೆಸರು ಒಂದು ನದಿಗಿದೆ.

ಈಗ ಹಡಗಿನ ವಿಷಯ. ಪೂರ್ವಕ್ಕೆ ಬೆಟ್ಟಸಾಲು, ಪಶ್ಚಿಮಕ್ಕೆ ಅಪಾಯದ ಅಳಿವೆ. ಐದು ನದಿಗಳು ತಂದು ಹಾಕಿದ ಮೆಕ್ಕಲು, ವರ್ಷಪೂರ್ತಿ ಹಸಿರು ಹುಲ್ಲು, ಹಸುಗಳಿಗೆ ಸ್ವರ್ಗ. ಆದರೆ ಬೆಣ್ಣೆಯನ್ನು ಪೋರ್ಟ್‌ಲ್ಯಾಂಡ್ ಪೇಟೆಗೆ ಸಾಗಿಸುವುದು ಹೇಗೆ? ಹೊರಗಿನ ಹಡಗುಗಳನ್ನು ನೆಚ್ಚಿಕೊಳ್ಳುವಂತಿರಲಿಲ್ಲ. ಕೊನೆಗೆ ಬೆರಳೆಣಿಕೆಯ ಕುಟುಂಬಗಳೇ ಸೇರಿ, ಒಡೆದ ಹಡಗಿನ ಕಬ್ಬಿಣ ಹೆಕ್ಕಿ ತಂದು, ಮಾರ್ನಿಂಗ್ ಸ್ಟಾರ್ ಎಂಬ ಹಾಯಿಹಡಗು ಕಟ್ಟಿದರು. ಅದು ನೀರಿಗಿಳಿದದ್ದು 1855ರ ಜನವರಿ 5ರಂದು. ಪೊಟ್ಟಣದ ಮೇಲಿರುವುದು ಅದೇ.

ಹಡಗು ಬಂದರೂ ಬೆಣ್ಣೆಯ ಕಷ್ಟ ಪೂರ್ತಿ ತೀರಲಿಲ್ಲ. ಅಳಿವೆ ಶಾಂತವಾಗುವ ತನಕ ಕಾಯಬೇಕು, ಅಷ್ಟರಲ್ಲಿ ಬೆಣ್ಣೆ ಕಮಟುತ್ತದೆ. ಚೆಡ್ಡರ್ ಎಂಬ ಗಟ್ಟಿ ಚೀಸ್ ಹಾಗಲ್ಲ, ಇಟ್ಟಷ್ಟೂ ಮಾಗುತ್ತದೆ. 1894ರಲ್ಲಿ ಟೌನ್‌ಸೆಂಡ್ ಎಂಬ ಉದ್ಯಮಿ ಕರೆಸಿದ ಕೆನಡಾದ ಪೀಟರ್ ಮ್ಯಾಕಿಂಟಾಶ್ ಆ ವಿದ್ಯೆ ಕಲಿಸಿದ. 1909ರಲ್ಲಿ ಹತ್ತು ಡೇರಿಗಳು ಸೇರಿ ಸಹಕಾರಿ ಸಂಘ ಕಟ್ಟಿದವು. ರೈಲು ಬಂದದ್ದು 1911ರಲ್ಲಿ, ಅಂದರೆ ಚೀಸ್ ಹೆಸರು ಮಾಡಿದ ಮೇಲೆ.

ಇಷ್ಟು ತಲೆಯಲ್ಲಿಟ್ಟುಕೊಂಡು ಹೈವೇ 101ರಲ್ಲಿ ಉತ್ತರಕ್ಕೆ ನಾಲ್ಕೈದು ನಿಮಿಷ ಹೋದರೆ ಕಾರ್ಖಾನೆ. ಪ್ರವೇಶ ಉಚಿತ, ಗೈಡ್ ಬೇಕಿಲ್ಲ. ಮೇಲಿನ ಗಾಜಿನ ಗ್ಯಾಲರಿಯಿಂದ ಕೆಳಗಿನ ಕೆಲಸ ಕಾಣುತ್ತದೆ: 40 ಪೌಂಡ್ ದಿಮ್ಮಿಗಳು ಬಂದು, ತುಂಡಾಗಿ, ಪ್ಯಾಕ್ ಆಗುತ್ತವೆ. ಯಂತ್ರ ತೊಳೆಯುವ ಹೊತ್ತಿಗೆ ಹೋದರೆ ಕೆಲಸ ನಿಂತಿರುತ್ತದೆ, ಸ್ವಲ್ಪ ಕಾಯಿರಿ. ಬೇಸಿಗೆಯ ಶನಿವಾರ ಮಧ್ಯಾಹ್ನ ಕಾರು ನಿಲ್ಲಿಸಲೂ ಪರದಾಟ. ವಾರದ ದಿನ ಬೆಳಗ್ಗೆ ಹೋಗುವುದೇ ಸರಿ. ಇನ್ನೊಂದು ಮಾತು: ಸಂಘಕ್ಕೆ ಪೂರ್ವ ಆರೆಗಾನ್‌ನ ಬೋರ್ಡ್‌ಮನ್‌ನಲ್ಲೂ ಕಾರ್ಖಾನೆ ಇದೆ. ಹಾಗಾಗಿ ಅಂಗಡಿಯ ಪ್ರತಿ ಪೊಟ್ಟಣವೂ ಈ ಕಣಿವೆಯದೇ ಅಂದುಕೊಳ್ಳಬೇಡಿ.

ಏನು ಕೊಳ್ಳಬೇಕು? ಚೆಡ್ಡರ್‌ನಲ್ಲಿ ಮೀಡಿಯಂ 60 ದಿನಕ್ಕೂ, ಶಾರ್ಪ್ 9 ತಿಂಗಳಿಗೂ, ಎಕ್ಸ್‌ಟ್ರಾ ಶಾರ್ಪ್ 15 ತಿಂಗಳಿಗೂ ಹೆಚ್ಚು ಮಾಗಿದ್ದು. ದೋಸೆ, ಸ್ಯಾಂಡ್‌ವಿಚ್ ಮೇಲೆ ಕರಗಬೇಕಾದರೆ ಮೀಡಿಯಂ ತಗೊಳ್ಳಿ. ಹೆಚ್ಚು ಮಾಗಿದ್ದನ್ನು ಕಾವಲಿಗೆ ಹಾಕಿದರೆ ಎಣ್ಣೆ ಬಿಟ್ಟು ತರಿತರಿಯಾಗುತ್ತದೆ, ಏಕೆಂದರೆ ಮಾಗುವಾಗ ಹಾಲಿನ ಪ್ರೋಟೀನಿನ ಜಾಲ ಸಡಿಲವಾಗಿರುತ್ತದೆ. ಅದು ಹಾಗೇ ತಿನ್ನಲು ಚೆನ್ನ. ಮಾಗಿದ ಚೀಸ್ ಮೇಲೆ ಬಿಳಿ ಪುಡಿಯಂಥ ಕಾಳು ಕಂಡರೆ ಸಾಮಾನ್ಯವಾಗಿ ಅದು ಕ್ಯಾಲ್ಸಿಯಂ ಲ್ಯಾಕ್ಟೇಟ್ ಹರಳು. ಗಟ್ಟಿಯಾಗಿ ಇದ್ದರೆ ಹರಳು, ಹತ್ತಿಯಂತೆ ನವಿರಾಗಿದ್ದರೆ ಬೂಷ್ಟು. ಹಲ್ಲಿಗೆ ಸಿಕ್ಕಾಗ ಕೀಚ್ ಅನ್ನುವ ತಾಜಾ ಕರ್ಡ್ಸ್ (ಮೊಸರಲ್ಲ, ದಿಮ್ಮಿಯಾಗಿ ಒತ್ತದ ಚೀಸ್ ತುಂಡುಗಳು) ಅಂದೇ ತಿನ್ನಬೇಕು; ಫ್ರಿಜ್ಜಿಗಿಟ್ಟರೆ ಸದ್ದು ಹೋಗುತ್ತದೆ, ಮೈಕ್ರೋವೇವ್‌ನಲ್ಲಿ ಕೆಲವು ಸೆಕೆಂಡ್ ಬೆಚ್ಚಗೆ ಮಾಡಿದರೆ ತುಸು ಮರಳುತ್ತದೆ. ಫ್ರೀಜರ್ ಬೇಡ, ಪುಡಿಪುಡಿಯಾಗುತ್ತದೆ. ಶಾಕಾಹಾರಿಗಳು ಹೆಪ್ಪಿನ ಕಿಣ್ವ ಪ್ರಾಣಿಮೂಲದ್ದೇ ಅನ್ನುವುದನ್ನು ಬಗೆಬಗೆಗೂ ಬೇರೆಯಾಗಿ ಕೇಳಿ. ಮಾರ್ಷ್‌ಮ್ಯಾಲೊ ಇರುವ ಐಸ್‌ಕ್ರೀಂನಲ್ಲಿ ಪ್ರಾಣಿಮೂಲದ ಜೆಲಟಿನ್ ಇದೆಯೇ ಅನ್ನುವುದನ್ನೂ.

ಸಮಯ ಉಳಿದರೆ ಕೊಲ್ಲಿಗೂ ಕಡಲಿಗೂ ನಡುವಿನ ಬೇಓಷನ್ ಮರಳುದಿಣ್ಣೆಗೆ ಹೋಗಿ, ಕೌಂಟಿಯ ಬೆಳವಣಿಗೆಯ ಸೋಲೂ ಕಣ್ಣಿಗೆ ಬೀಳಲಿ. 20ನೇ ಶತಮಾನದ ಆರಂಭದಲ್ಲಿ ಇಲ್ಲಿ ಐಷಾರಾಮಿ ಪಟ್ಟಣಕ್ಕೆ ಸೈಟು ಮಾರಿದರು. ಅಳಿವೆಗೆ ಉತ್ತರ ಮತ್ತು ದಕ್ಷಿಣ ಎರಡೂ ಕಡೆ ತಡೆಗೋಡೆ ಬೇಕಿತ್ತು. ದುಡ್ಡು ಸಾಲದೆ 1917ರ ಹೊತ್ತಿಗೆ ಉತ್ತರದ್ದೊಂದೇ ಮುಗಿಯಿತು. ಮರಳಿನ ಓಟ ತಪ್ಪಿ ದಿಣ್ಣೆ ಕೊರೆಯತೊಡಗಿತು. 1952ರಲ್ಲಿ ಕಡಲು ಅದನ್ನು ಸೀಳಿಯೇಬಿಟ್ಟಿತು, 1960ರಲ್ಲಿ ಕೊನೆಯ ಮನೆಯೂ ನೀರಿಗೆ ಬಿತ್ತು. ದಕ್ಷಿಣದ ಗೋಡೆ ಆದದ್ದು 1974ರಲ್ಲಿ. ಈಗ ಅಲ್ಲಿ ನಡೆಯುವ ದಾರಿ ಮಾತ್ರ. ಉಬ್ಬರದ ಹೊತ್ತು ನೋಡಿಕೊಂಡು ಹೋಗಿ. ಚೀಸನ್ನು ಐಸ್ ಡಬ್ಬಿಯಲ್ಲಿಡಿ. ಚಳಿಗಾಲದಲ್ಲಾದರೆ ಹೈವೇ 6ರಲ್ಲಿ ಗುಡ್ಡ ಕುಸಿದಿದೆಯೇ ಎಂದು ರಸ್ತೆಗಳ ಸ್ಥಿತಿ ತಿಳಿಸುವ ಟ್ರಿಪ್‌ಚೆಕ್ ಜಾಲತಾಣದಲ್ಲಿ ನೋಡಿಯೇ ಮನೆ ಕಡೆ ಹೊರಡಿ.