500 ಚಿಪ್ಸಿನ ಪೋಕರ್ ಸೆಟ್: ಮೂರು ಟೂರ್ನಮೆಂಟ್ ಆಡಿದ ಮ್ಯಾಲ ಬರೀಲಿಕತ್ತೀನಿ

ಸೆಟ್ ತಗೊಂಡು ನಾಕು ತಿಂಗಳಾತು. ಬಾಕ್ಸ್ ಬಿಚ್ಚಿದ ದಿನಾನೇ ಐದು ಸ್ಟಾರ್ ಕೊಟ್ಟು ಬಿಡೋದು ನನಗ ಸೇರಂಗಿಲ್ಲ, ಅದಕ್ಕ ಇಷ್ಟು ತಡ. ಅಲ್ಯುಮಿನಿಯಂ ಪೆಟ್ಟಿಗಿ, ಒಳಗ ಐದು ಬಣ್ಣದ 500 ಚಿಪ್ಸ್ (ಆಟದಾಗ ರೊಕ್ಕದ ಬದಲಿ ಹಚ್ಚೋ ಬಿಲ್ಲಿ), ಎರಡು ಕಟ್ಟು ಇಸ್ಪೀಟ್ ಎಲಿ, ಒಂದು ಡೀಲರ್ ಬಟನ್ (ಎಲಿ ಹಂಚೋ ಪಾಳಿ ಯಾರದು ಅಂತ ತೋರಸೋ ಬಿಲ್ಲಿ), ಮತ್ತ ಯಾವ ಕೈ, ಅಂದ್ರ ಎಲಿ ಜೋಡಣಿ, ಯಾವುದಕ್ಕಿಂತ ದೊಡ್ಡದು ಅಂತ ಛಾಪಿಸಿದ ಒಂದು ಕಾರ್ಡ್. 3,200 ರೂಪಾಯಿ ಬಿತ್ತು, ಒಂಬತ್ತು ಮಂದಿ ಪಟ್ಟಿ ಹಾಕಿ ತಗೊಂಡ್ವಿ.

ಇದಕ್ಕ ಮೊದಲ ನಾವು ತೊಗರಿ ಕಾಳು ಇಟ್ಟು ಆಡ್ತಿದ್ವಿ, ಕಲಬುರಗ್ಯಾಗ ಯಾರ ಮನ್ಯಾಗ ತೊಗರಿ ಇರಂಗಿಲ್ಲ ಹೇಳ್ರಿ. ನಮ್ಮದು ರೊಕ್ಕದ ಆಟ ಅಲ್ಲ, ಒಂದು ಪೈಸಾನೂ ಹಚ್ಚಂಗಿಲ್ಲ ಅಂತ ಮೊದಲನೇ ದಿನಾನೇ ಮಾತಾಗ್ಯಾದ, ಯಾಕಂದ್ರ ನಮ್ಮ ಗುಂಪಿನಾಗೇ ಒಬ್ಬಾಂವ ಫೋನಿನಾಗ ರಮ್ಮಿ ಆಡಿ ಬೈಕ್ ಮಾರ್ಕೊಂಡಾನ, ಆಮ್ಯಾಲ 2025ರ ಆಗಸ್ಟಿನಾಗ ಕೇಂದ್ರದವರು ರೊಕ್ಕದ ಆನ್‌ಲೈನ್ ಆಟ ಬಂದ್ ಮಾಡೋ ಕಾನೂನು ತಂದ್ರು ಖರೇ, ಆದ್ರ ಅವನ ಬೈಕ್ ಏನು ವಾಪಸ್ ಬರ್ಲಿಲ್ಲ. ರೊಕ್ಕ ಇಲ್ಲ, ಮುಂದಿರೋದು ತೊಗರಿ, ಹಂಗಾಗಿ ಸೋಲೋ ಅಂಜಿಕೇನೇ ಯಾರಿಗೂ ಇರ್ತಿದ್ದಿಲ್ಲ. ಕೈಯಾಗಿನ ಎರಡು ಎಲಿ ನೋಡೋದು, ಇದ್ದ ಕಾಳೆಲ್ಲ ನಡುವ ದಬ್ಬೋದು, ಅರ್ಧ ತಾಸಿನಾಗ ಆಟ ಖತಂ.

ಈ ಚಿಪ್ಸ್ ಬಂದ ಮ್ಯಾಲ ಅದೇ ಮಂದಿ ಬ್ಯಾರೇ ಥರ ಆಡ್ಲಿಕತ್ತಾರ. ಒಂದೊಂದು 11.5 ಗ್ರಾಂ, ಪ್ಲಾಸ್ಟಿಕ್ಕಿನ ನಡುವ ಲೋಹದ ಬಿಲ್ಲಿ ಅದ, ಒಂದರ ಮ್ಯಾಲ ಒಂದು ಬಿದ್ರ ಬರೋ ಸಪ್ಪಳ ಕೇಳಿದ್ರೇ ಕೈ ತಡೀತದ. ರೊಕ್ಕ ಹಚ್ಚದ ಆಟದಾಗ ಚಿಪ್ಪಿಗೇ ತೂಕ ಇರಬೇಕು ನೋಡ್ರಿ, ಅದು ಇದರಾಗ ಅದ. ಈಗ ಫ್ಲಾಪ್, ಅಂದ್ರ ಎಲ್ಲಾರಿಗೂ ಸೇರಿ ನಡುವ ಇಡೋ ಮೊದಲಿನ ಮೂರು ಎಲಿ, ಬಿಚ್ಚಿದ ಮ್ಯಾಲ ಮಂದಿ ಸುಮ್ಮನ ಕೂತು ವಿಚಾರ ಮಾಡ್ತಾರ, ಒಳ್ಳೇ ಎಲಿ ಇದ್ರೂ ಬಿಡ್ತಾರ. ಅವ್ವ ಮೊದಲ ಮನ್ಯಾಗ ಇಸ್ಪೀಟ್ ಬ್ಯಾಡೇ ಬ್ಯಾಡ ಅಂದಿದ್ಲು, ಒಂದು ಆಟ ಪೂರಾ ಕೂತು ನೋಡಿ ರೊಕ್ಕ ಇಲ್ಲಂತ ಖಾತ್ರಿ ಆದ ಮ್ಯಾಲ ತಾನೇ ಸುಸಲಾ ಮಿರ್ಚಿ ಮಾಡಿ ಕೊಟ್ಲು.

ಚಿಪ್ಸ್ ಹಂಚೋದು ಹೆಂಗ ಅಂತ ಭಾಳ ಮಂದಿ ಕೇಳ್ಯಾರ. ಬಣ್ಣಕ್ಕೊಂದು ಬೆಲಿ ಅಂತ ಹಿಡದು ನಾವು ಒಬ್ಬರಿಗೆ 5,000 ಕೊಡ್ತೀವಿ: 25ರವು ಎಂಟು, 100ರವು ಎಂಟು, 500ರವು ನಾಕು, 1,000ದವು ಎರಡು. ಅಂದ್ರ 22 ಚಿಪ್ಸ್, ಒಂಬತ್ತು ಮಂದಿಗೆ 198, ಉಳದದ್ದು ಮುಂದ ಚಿಲ್ಲರ ಬದಲಿ ಮಾಡ್ಲಿಕ್ಕ ಬರ್ತದ. ಬ್ಲೈಂಡ್, ಅಂದ್ರ ಎಲಿ ನೋಡೋಕಿಂತ ಮೊದಲ ಇಬ್ಬರು ಹಚ್ಚಲೇಬೇಕಾದ ಚಿಪ್ಸ್, 25-50ರಿಂದ ಶುರು, 20 ನಿಮಿಷಕ್ಕೊಮ್ಮೆ ಏರಸ್ತೀವಿ, 1,000-2,000ಕ್ಕ ಬರೋದ್ರಾಗ ಗೆದ್ದಾಂವ ಯಾರು ಅಂತ ಗೊತ್ತಾಗ್ತದ. ಮೂರೂವರಿ ತಾಸು, ಊಟ ಬಿಟ್ಟು.

ಆ ಛಾಪಿಸಿದ ಕಾರ್ಡ್ ಐತಲ್ಲ, ಅದನ್ನ ಯಾರೂ ಒಗೀಬ್ಯಾಡ್ರಿ. ನಮ್ಮ ಕಡೆ ಎಲ್ಲಾರೂ ದೀಪಾವಳಿಗೆ ಮೂರು ಎಲಿಯ ತೀನ್ ಪತ್ತಿ ಆಡಿ ಬೆಳದವರು, ಅದರಾಗ ಸೀಕ್ವೆನ್ಸ್ (ಸಾಲಾಗಿ ಬರೋ ಎಲಿ) ಒಂದೇ ಜಾತಿ ಎಲಿಯ ಕಲರ್‌ಗಿಂತ ದೊಡ್ಡದು. ಐದು ಎಲಿ ಕೂಡಸೋ ಪೋಕರಿನಾಗ ಉಲ್ಟಾ. ಮೊದಲನೇ ಟೂರ್ನಮೆಂಟಿನಾಗ ನನ್ನ ಕಾಕಾನ ಮಗ 5ರಿಂದ 9ರ ತನಕ ಸೀಕ್ವೆನ್ಸ್ ಹಿಡದು ಎಲ್ಲಾ ಹಚ್ಚಿದ, ಎದುರಿನಾಂವನ ಕಡೆ ಐದು ಆಟೀನ್, ಅಂದ್ರ ಕಲರ್. "ಅಣ್ಣಾ ನಂದು ದೊಡ್ಡದಲ್ಲೇನು?" ಅಂತ ನನ್ನ ಮಾರಿ ನೋಡ್ದ, ಭಾಳ ಕೆಟ್ಟ ಅನಿಸ್ತು ನನಗ. ಆಮ್ಯಾಲ ಲೆಕ್ಕ ಹಾಕಿ ತೋರಿಸ್ದೆ: ಮೂರು ಎಲಿಯೊಳಗ ಸೀಕ್ವೆನ್ಸ್ 720 ಥರ, ಕಲರ್ 1,096 ಥರ ಆಗ್ತದ, ಐದು ಎಲಿ ಆದ್ರ ಸೀಕ್ವೆನ್ಸ್ 10,200, ಕಲರ್ ಬರೇ 5,108. ಯಾವುದು ಅಪರೂಪ ಅದೇ ದೊಡ್ಡದು. ಈಗ ಆಟ ಶುರು ಮಾಡೋಕಿಂತ ಮೊದಲ ಆ ಕಾರ್ಡ್ ಒಂದು ಸುತ್ತ ಎಲ್ಲಾರ ಕೈಗೂ ಹೋಗ್ತದ.

ಇನ್ನ ತಕರಾರು. ಜೊತಿಗೆ ಬಂದ ಎಲಿ ಕಾಗದದವು, ನಮ್ಮ ಬಿಸಲಿಗೆ ಅವು ಉಪಯೋಗಿಲ್ಲ. ಮೇ ತಿಂಗಳಾಗ ಕೂಲರ್ ಇಲ್ಲದ ಕೂಡ್ಲಿಕ್ಕೇ ಆಗಂಗಿಲ್ಲ, ಕೂಲರಿನ ತಂಪಿಗೆ ಎಲಿ ಮೆತ್ತಗಾಗಿ ಬಾಗಿದ್ವು, ಎರಡನೇ ಟೂರ್ನಮೆಂಟ್ ಹೊತ್ತಿಗೆ ಇಸ್ಪೀಟ್ ಎಕ್ಕಾದ ಮೂಲಿ ಮುರದು ಹಿಂದಿನಿಂದಾನೇ ಗುರ್ತು ಹತ್ತಿತ್ತು, ಅಂಥ ಎಲಿ ಇಟ್ಟು ಆಡಿದ್ರ ಮೋಸ ಆಗ್ತದ. ಪೂರಾ ಪ್ಲಾಸ್ಟಿಕ್ ಎಲಿ ಬ್ಯಾರೇ ತರಿಸಿದ್ವಿ, ಎಣ್ಣಿ ಕೈ ಹತ್ತಿದ್ರೂ ಒದ್ದಿ ಬಟ್ಟಿಲೆ ಒರಸಬಹುದು. ಇನ್ನೊಂದು, ಚಿಪ್ಪಿನ ಮ್ಯಾಲ ನಂಬರೇ ಇಲ್ಲ, ಒಂದು ರಾತ್ರಿ ಕರೆಂಟ್ ಹೋಗಿ ಇನ್ವರ್ಟರ್ ಲೈಟಿನಾಗ ಹಸರು ಯಾವುದು ಕರಿ ಯಾವುದು ತಿಳೀಲಾರದ 500 ಹಚ್ಚಬೇಕಾದಲ್ಲಿ 5,000 ಹಚ್ಚಿ ಜಗಳಾನೇ ಆತು. ನಂಬರ್ ಇರೋ ಸೆಟ್ಟೇ ತಗೋರಿ. ಪೆಟ್ಟಿಗಿ ಚಿಲಕ ಒಂದು ಸಡ್ಲ ಆಗ್ಯಾದ, ಬರೇ ಚಿಪ್ಸೇ 5 ಕಿಲೋ 750 ಗ್ರಾಂ ಆಗ್ತಾವ, ಸೇಡಂ ರೋಡಿನಿಂದ ಜೇವರ್ಗಿ ರೋಡಿನ ತನಕ ಬೈಕ್ ಮ್ಯಾಲ ಒಯ್ಯೋವಾಗ ಹಿಂದ ಒಬ್ಬರು ಹಿಡಕೊಂಡು ಕೂಡಲೇಬೇಕು.

ನಾಕು ಸ್ಟಾರ್ ಕೊಡ್ತೀನಿ, ಕಡಿಮಿ ಮಾಡಿದ್ದು ಎಲಿ ಮತ್ತ ನಂಬರ್ ಸಲುವಾಗಿ. ಐದಾರು ಮಂದಿ ಇದ್ರ 300 ಚಿಪ್ಸಿನದ್ದೇ ಸಾಕು, ಉಳದ ರೊಕ್ಕದಾಗ ಪ್ಲಾಸ್ಟಿಕ್ ಎಲಿ ತಗೋರಿ.