14 ತಿಂಗಳು ಟರ್ಕಿಷ್ ಆ್ಯಪ್ ಬಳಸಿದ ಮೇಲೆ: ಊಟದ ಪಾಠ ಚೆನ್ನ, ‘ಕೊಡಿ’ ಪಾಠ ಬೇಸರ

ಬೆಳಗ್ಗೆ ಹಾಲು ಕಾಯೋಕೆ ಇಟ್ಟು, ಫೋನನ್ನು ಸಾಸಿವೆ ಡಬ್ಬಿಗೆ ಒರಗಿಸಿ ಹತ್ತು ನಿಮಿಷ ಟರ್ಕಿಷ್. 14 ತಿಂಗಳಿಂದ ಇದೇ ರೂಢಿ. ಉಪ್ಪು ಹಾಕುವಾಗ ‘ತುಜ್’, ಸಕ್ಕರೆಗೆ ‘ಶೆಕೆರ್’, ನೀರಿಗೆ ‘ಸು’ ಅಂತ ಜೋರಾಗಿ ಹೇಳ್ತೀನಿ. ‘ಪಿಲಾವ್’, ‘ಹೆಲ್ವಾ’, ‘ಚಾಯ್’ ಕಲಿಯೋಕೆ ಕಷ್ಟವೇ ಇಲ್ಲ. ‘ಪೆಯ್ನಿರ್’ ಮಾತ್ರ ನಮ್ಮ ಪನೀರ್ ಅಲ್ಲ, ಅಲ್ಲಿ ಎಲ್ಲ ಚೀಸಿಗೂ ಅದೇ ಹೆಸರು. ‘ಶೆಕೆರ್‌ಸಿಜ್’ ಅಂದರೆ ಸಕ್ಕರೆ ಇಲ್ಲದ್ದು, ‘ಎತ್‌ಸಿಜ್’ ಅಂದರೆ ಮಾಂಸ ಇಲ್ಲದ್ದು. ಸಸ್ಯಾಹಾರಿಯಾದ ನನಗೆ ಈ ಒಂದು ‘ಸಿಜ್’ ಸಿಕ್ಕಿದ್ದೇ ದೊಡ್ಡ ಲಾಭ. ಊಟದ ಪಾಠಗಳಿಗೆ ಪೂರ್ತಿ ಅಂಕ.

ಬೇಸರ ಆಗಿದ್ದು ‘ಬಾ, ಕೊಡು, ಕೂತ್ಕೋ’ ಪಾಠದಲ್ಲಿ. ಟರ್ಕಿಷಲ್ಲಿ ಕೊಡು ‘ವೆರ್’, ಕೊಡಿ ‘ವೆರಿನ್’. ಬಾ ‘ಗೆಲ್’, ಬನ್ನಿ ‘ಗೆಲಿನ್’. ಕೂತ್ಕೋ ‘ಒತುರ್’, ಕೂತ್ಕೊಳ್ಳಿ ‘ಒತುರುನ್’. ಕನ್ನಡದವರಿಗೆ ಇದನ್ನ ಬಿಡಿಸಿ ಹೇಳೋದೇ ಬೇಡ, ಅಲ್ವಾ? ಆದರೆ ಆ್ಯಪ್ ಕಲಿಸೋದು ಇಂಗ್ಲಿಷ್ ಮೂಲಕ. ಅಲ್ಲಿ ಬಾ, ಬನ್ನಿ ಎರಡಕ್ಕೂ ‘ಕಮ್’ ಒಂದೇ. ‘ಪ್ಲೀಸ್ ಕಮ್’ಗೆ ನಾನು ‘ಗೆಲಿನ್’ ಅಂತ ಬರೆದರೆ ಕೆಂಪು ಗುರುತು. ‘ಗೆಲ್’ ಅಂದರೆ ಹಸಿರು. ಹಿಂದೆ ‘ಲ್ಯುತ್ಫೆನ್’, ಅಂದರೆ ದಯವಿಟ್ಟು, ಸೇರಿಸಿಬಿಟ್ಟರೆ ಏಕವಚನ ಹೋಗಿ ಬಹುವಚನ ಆಗುತ್ತಾ? ‘ದಯವಿಟ್ಟು ಬಾ’ ಅಂತ ಅಪರಿಚಿತ ಹಿರಿಯರಿಗೆ ನಾವು ಹೇಳ್ತೀವಾ? ಮೂರು ಸಲ ದೂರು ಬರೆದೆ, ಉತ್ತರ ಬರಲಿಲ್ಲ. ವರ್ಷದ ಚಂದಾ ಕಟ್ಟುವ ಮನಸ್ಸು ಅಲ್ಲಿಗೆ ಹೋಯ್ತು. ಉಚಿತ ಪಾಠಗಳಲ್ಲೇ ಮುಂದುವರಿದೆ.

ಆಮೇಲೆ ಹೋಟೆಲ್ ಪಾಠ ಬಂತು. ‘ಸು ಆಲಾಬಿಲಿರ್ ಮಿಯಿಮ್?’ ‘ಆಲ್’ ಅಂದರೆ ತಗೋ. ‘ಆಬಿಲಿರ್’ ನಮ್ಮ ‘ಬಹುದು’. ‘ಮಿ’ ನಮ್ಮ ಕೊನೆಯ ‘ಆ’. ನಾನು ನೀರು ತಗೋಬಹುದಾ? ಇಷ್ಟು ಹತ್ತಿರದ ಭಾಷೆಯಂತೆ ಕೇಳಿಸಿದ್ದು ಅವತ್ತೇ. ಅರ್ಧ ಸಿಟ್ಟು ಇಳಿಯಿತು.

ಮೇ ತಿಂಗಳಲ್ಲಿ ಇಸ್ತಾಂಬುಲ್‌ಗೆ ಹೋಗಿದ್ದೆ. ಕಾಡಿಕೋಯ್‌ನ ಒಂದು ಸಣ್ಣ ಅಂಗಡಿಯಲ್ಲಿ ವಯಸ್ಸಾದವರೊಬ್ಬರು ‘ಬುಯುರುನ್, ಒತುರುನ್’ ಅಂದರು. ಬನ್ನಿ, ಕೂತ್ಕೊಳ್ಳಿ. ‘ಎತ್‌ಸಿಜ್’ ಅಂತ ಮೊದಲೇ ಕೇಳಿ ಖಚಿತ ಮಾಡಿಕೊಂಡು ಮೆರ್ಜಿಮೆಕ್ ಚೋರ್ಬಾಸಿ, ನಮ್ಮ ಬೇಳೆ ಸಾರಿನ ಥರದ್ದು, ತಗೊಂಡೆ. ನಿಂಬೆ ಹಿಂಡಿಕೊಂಡು ಬಟ್ಟಲು ಖಾಲಿ ಮಾಡಿದೆ. ಏಳುವಾಗ ‘ಎಲಿನಿಜೆ ಸಾಲಿಕ್’ ಅಂದೆ. ನಿಮ್ಮ ಕೈ ಚೆನ್ನಾಗಿರಲಿ ಅಂತ, ಅಡುಗೆ ಮಾಡಿದವರಿಗೆ ಹೇಳುವ ಮಾತು. ಅದರಲ್ಲಿ ‘ನಿಮ್ಮ’ ಇದೆ, ‘ನಿನ್ನ’ ಅಲ್ಲ. ಅವರು ಕೈಯನ್ನು ಎದೆಯ ಮೇಲಿಟ್ಟು ‘ಆಫಿಯೆತ್ ಒಲ್ಸುನ್’, ಅಂದರೆ ಉಂಡದ್ದು ಮೈಗೆ ಹಿತವಾಗಲಿ, ಅಂದರು, ಒಂದು ಲೋಟ ಚಾಯ್ ತಂದಿಟ್ಟು ದುಡ್ಡು ಬೇಡ ಅಂತ ಕೈ ಆಡಿಸಿದರು.